ಅಂಡಾಶಯದ ಒಂದು ಅಪರೂಪದ ಏಡಿಗಂತಿ

ಏಡಿಗಂತಿ, ಅಂದರೆ ಕ್ಯಾನ್ಸರು, ಬಹುಮಟ್ಟಿಗೆ ಇಳಿವಯಸ್ಸಿನ ರೋಗವೆಂಬುದು ಎಲ್ಲರೂ ಬಲ್ಲ ಸಂಗತಿ. ಇದಕ್ಕೆ ಕಾರಣವೂ ಸುಲಭವಾಗಿ ತಿಳಿಯುವಂಥದೇ. ನಮ್ಮ ದೇಹದ ಜೀವಕೋಶವೊಂದು ಒಡೆದು ಎರಡಾಗುವಾಗಲೆಲ್ಲ ತನ್ನೊಳಗಿನ ಆನುವಂಶಿಕ ಬರಹವನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಬೇಕು. ಓಲೆಗರಿಯ ಗ್ರಂಥವನ್ನು ತಲೆಮಾರಿನಿಂದ ತಲೆಮಾರಿಗೆ ಪ್ರತಿ ಮಾಡುತ್ತ ಬಂದ ಲಿಪಿಕಾರರ ಕೈಯಲ್ಲಿ ತಪ್ಪುಗಳು ಕೂಡುತ್ತ ಹೋಗುವಂತೆ, ವರ್ಷಗಳು ಉರುಳಿದ ಹಾಗೆಲ್ಲ ಕೋಶಗಳಲ್ಲಿಯೂ ನಕಲಿನ ತಪ್ಪುಗಳು ಒಂದರ ಮೇಲೊಂದು ಸೇರುತ್ತವೆ. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಆದರೆ ಬೆಳವಣಿಗೆಯನ್ನು ಹತೋಟಿಯಲ್ಲಿಡುವ ಕೆಲವು ಮುಖ್ಯ ಸ್ಥಳಗಳಲ್ಲಿ ಒಟ್ಟಿಗೆ ತಪ್ಪು ಬಿದ್ದ ಕೋಶವು ಅಂಕೆ ಮೀರಿ ಬೆಳೆಯತೊಡಗುತ್ತದೆ. ಇಷ್ಟೆಲ್ಲ ತಪ್ಪುಗಳು ಒಂದೇ ಕೋಶದಲ್ಲಿ ಕೂಡಿಬರುವುದಕ್ಕೆ ಕಾಲ ಬೇಕು. ಆದಕಾರಣವೇ ಈ ರೋಗ ಸಾಮಾನ್ಯವಾಗಿ ಐವತ್ತು ಅರುವತ್ತು ವರ್ಷ ದಾಟಿದವರನ್ನು ಹಿಡಿಯುವುದು.

ಹೀಗಿರುವಲ್ಲಿ, ಹದಿನೆಂಟು ಇಪ್ಪತ್ತರ ಪ್ರಾಯದ, ಮೊನ್ನೆ ಮೊನ್ನೆಯವರೆಗೆ ಆರೋಗ್ಯವಾಗಿ ಓಡಾಡಿಕೊಂಡಿದ್ದ ಹುಡುಗಿಯೊಬ್ಬಳಲ್ಲಿ ಅತ್ಯಂತ ಉಗ್ರವಾದ ಏಡಿಗಂತಿ ಹುಟ್ಟುವುದಾದರೂ ಹೇಗೆ? ಅಷ್ಟೊಂದು ತಪ್ಪುಗಳು ಕೂಡುವುದಕ್ಕೆ ಆ ದೇಹಕ್ಕೆ ಕಾಲವೇ ಸಿಕ್ಕಿಲ್ಲವಲ್ಲ! ಅಂಡಾಶಯದಲ್ಲಿ ಹುಟ್ಟುವ ಇಂಥದೊಂದು ಗಂತಿಯ ವಿಷಯದಲ್ಲಿ ಈ ಪ್ರಶ್ನೆ ಮೂವತ್ತೈದು ವರ್ಷಗಳ ಕಾಲ ವೈದ್ಯರನ್ನು ಕಾಡಿತು. 2014ರಲ್ಲಿ ಉತ್ತರ ದೊರೆತಾಗ, ಅದರ ಬೇರುಗಳು ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟಿನಲ್ಲಿಯೂ ಕೊಳೆತ ಹಣ್ಣನ್ನು ಮುತ್ತುವ ನೊಣದಲ್ಲಿಯೂ ಇದ್ದುದು ಕಂಡುಬಂತು.

ಮೊದಲು ಅಂಡಾಶಯದ ವಿಷಯವಾಗಿ ಎರಡು ಮಾತು. ಅಂಡಾಶಯಗಳು ಕಿಬ್ಬೊಟ್ಟೆಯೊಳಗೆ, ಗರ್ಭಕೋಶದ ಎರಡು ಪಕ್ಕಗಳಲ್ಲಿ, ಬಾದಾಮಿಯ ಆಕಾರದಲ್ಲಿರುವ ಪುಟ್ಟ ಅವಯವಗಳು. ಒಂದೊಂದರ ಉದ್ದ ಸುಮಾರು 3 ಸೆಂಟಿಮೀಟರ್. ಇಷ್ಟು ಚಿಕ್ಕ ಅವಯವದಲ್ಲಿ ಹುಟ್ಟುವಷ್ಟು ಬಗೆಬಗೆಯ ಗಂತಿಗಳು ದೇಹದ ಇತರ ಅವಯವಗಳಲ್ಲಿ ಕಾಣುವುದು ಅಪೂರ್ವ. ಹೊರಮೈಯ ಪೊರೆಗೆ ಸಂಬಂಧಿಸಿದ ಏಡಿಗಂತಿಗಳು ಒಂದು ಗುಂಪು. ಅಂಡಾಶಯದ ಏಡಿಗಂತಿಯೆಂದು ನಾವು ಕೇಳುವುದು ಹೆಚ್ಚಾಗಿ ಇವನ್ನೇ, ಮತ್ತು ಇವು ವಯಸ್ಸಾದ ಹೆಂಗಸರಲ್ಲಿಯೇ ಹೆಚ್ಚು. ಅಂಡಗಳನ್ನು ಕೊಡುವ ಮೂಲಕೋಶಗಳಿಂದ ಹುಟ್ಟುವವು ಇನ್ನೊಂದು ಗುಂಪು. ಇವು ಎಳೆಯ ವಯಸ್ಸಿನಲ್ಲಿ ಬಂದರೂ ಈಗಿನ ಔಷಧಗಳಿಗೆ ಬಹಳ ಚೆನ್ನಾಗಿ ಬಗ್ಗುತ್ತವೆ. ಹಾರ್ಮೋನುಗಳನ್ನು ತಯಾರಿಸುವ ಒಳ ಅಂಗಾಂಶದಿಂದ ಹುಟ್ಟುವವು ಮೂರನೆಯ ಗುಂಪು. ನಾವು ಈಗ ಹೇಳಹೊರಟಿರುವುದು ಈ ಮೂರರಲ್ಲಿ ಯಾವುದಕ್ಕೂ ಸರಿಯಾಗಿ ಸೇರದೆ ಹೊರಗೆ ನಿಂತ ಗಂತಿ. ಅಂಡಾಶಯದ ಏಡಿಗಂತಿಗಳಲ್ಲಿ ಸಾವಿರಕ್ಕೆ ಒಂದರಷ್ಟೂ ಇದು ಕಾಣಿಸುವುದಿಲ್ಲ. ಹಲವು ಸ್ತ್ರೀರೋಗ ವೈದ್ಯರು ತಮ್ಮ ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ಇದನ್ನು ಕಾಣದಿರಬಹುದು.

ಇಂಥ ರೋಗಿಯೊಬ್ಬಳ ಸ್ಥಿತಿಯನ್ನು ಊಹಿಸಿಕೊಳ್ಳೋಣ. ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ. ಕೆಲವು ವಾರಗಳಿಂದ ಹೊಟ್ಟೆ ಉಬ್ಬರ, ಮಂದವಾದ ನೋವು. ಜೊತೆಗೆ, ಹೊಟ್ಟೆಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ತೋರುವ ಬೇರೆ ಲಕ್ಷಣಗಳು: ಎಷ್ಟು ಕುಡಿದರೂ ತೀರದ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ಮಲಬದ್ಧತೆ, ವಾಕರಿಕೆ, ಕೈಕಾಲು ಸೋತಂಥ ಬಳಲಿಕೆ, ವಿಕೋಪಕ್ಕೆ ಹೋದಾಗ ತೂಕಡಿಕೆ ಮತ್ತು ಬುದ್ಧಿಭ್ರಮೆ. ಬಾಯಾರಿಕೆಯನ್ನು ಕಂಡವರು ಸಕ್ಕರೆ ರೋಗವೆಂದು ಶಂಕಿಸಬಹುದು. ವಾಕರಿಕೆಯನ್ನು ಕಂಡವರು ಅಜೀರ್ಣವೆಂದು ತಳ್ಳಿಹಾಕಬಹುದು. ಹೊಟ್ಟೆಯನ್ನು ಪರೀಕ್ಷಿಸಿದಾಗ ಒಂದು ಪಕ್ಕದ ಅಂಡಾಶಯದಲ್ಲಿ ಸುಮಾರು 15 ಸೆಂಟಿಮೀಟರ್ ಗಾತ್ರದ ಗಂತಿ ಸಿಕ್ಕುತ್ತದೆ. ಬಾದಾಮಿ ಇದ್ದ ಎಡೆಯಲ್ಲಿ ತೆಂಗಿನಕಾಯಿ! ರಕ್ತವನ್ನು ಪರೀಕ್ಷಿಸಿದರೆ ಅದರಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಮಿತಿಮೀರಿ ಏರಿರುತ್ತದೆ.

ಅಮೆರಿಕದ ಬಾಸ್ಟನ್ ನಗರದಲ್ಲಿರುವ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ರಾಬರ್ಟ್ ಸ್ಕಲ್ಲಿ ಎಂಬವರು 1979ರಲ್ಲಿ ಈ ಗಂತಿಯನ್ನು ಬೇರೆಯೇ ಒಂದು ರೋಗವೆಂದು ಗುರುತಿಸಿದರು. ಅಂಡಾಶಯದ ಗಂತಿಗಳ ವಿಷಯದಲ್ಲಿ ಸ್ಕಲ್ಲಿಯವರದು ಆ ಕಾಲದ ದೊಡ್ಡ ಹೆಸರು. ದೂರದೂರದ ಆಸ್ಪತ್ರೆಗಳಿಂದ ಬಗೆಹರಿಯದ ಗಾಜಿನ ತುಣುಕುಗಳು ಅವರ ಸೂಕ್ಷ್ಮದರ್ಶಕದ ಕೆಳಗೆ ಬರುತ್ತಿದ್ದವು. ಒಬ್ಬೊಬ್ಬ ವೈದ್ಯನೂ ಒಂದೊಂದನ್ನು ಮಾತ್ರ ಕಂಡಿದ್ದ ಗಂತಿಗಳು ಹೀಗೆ ಒಬ್ಬನೇ ವ್ಯಕ್ತಿಯ ಮೇಜಿನ ಮೇಲೆ ಕೂಡಿದಾಗ ಅವುಗಳ ನಡುವಿನ ಹೋಲಿಕೆ ಎದ್ದು ಕಂಡಿತು. 1982ರಲ್ಲಿ ಸ್ಕಲ್ಲಿಯವರೂ ಅವರ ಸಹೋದ್ಯೋಗಿಗಳೂ 11 ರೋಗಿಗಳ ವಿವರವನ್ನು ಪ್ರಕಟಿಸಿದರು. 1994ರ ಹೊತ್ತಿಗೆ ಆ ಸಂಖ್ಯೆ 150ಕ್ಕೆ ಏರಿತ್ತು. ಆ 150 ಮಂದಿಯ ಸರಾಸರಿ ವಯಸ್ಸು ಸುಮಾರು 24. ಅತ್ಯಂತ ಕಿರಿಯವಳಿಗೆ 9 ವರ್ಷ. ಅವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮಂದಿಯ ರಕ್ತದಲ್ಲಿ ಸುಣ್ಣ ಏರಿತ್ತು. ಗಂತಿ ಇನ್ನೂ ಒಂದೇ ಅಂಡಾಶಯದೊಳಗೆ ಅಡಗಿದ್ದಾಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಕೂಡ ಮೂರನೆಯ ಒಂದು ಭಾಗದಷ್ಟು ಜನ ಮಾತ್ರ ರೋಗಮುಕ್ತರಾಗಿ ಉಳಿದಿದ್ದರು. ಅದಾಗಲೇ ಹೊರಗೆ ಹರಡಿದ್ದವರಲ್ಲಿ ಬಹುತೇಕ ಎಲ್ಲರೂ, ಹೆಚ್ಚಾಗಿ ಎರಡು ವರ್ಷಗಳೊಳಗೆ, ತೀರಿಕೊಂಡರು.

ಸ್ಕಲ್ಲಿಯವರು ಇಟ್ಟ ಹೆಸರು ತುಸು ಉದ್ದವಾದದ್ದು. ಕನ್ನಡದಲ್ಲಿ ಅದನ್ನು ‘ಅಧಿಕ ಕ್ಯಾಲ್ಸಿಯಂ ಬಗೆಯ ಸಣ್ಣಕೋಶದ ಏಡಿಗಂತಿ’ ಎನ್ನಬಹುದು. ಸೂಕ್ಷ್ಮದರ್ಶಕದಲ್ಲಿ ಈ ಗಂತಿಯ ಕೋಶಗಳು ರಾಗಿ ಚೆಲ್ಲಿದಂತೆ ಚಿಕ್ಕ ಚಿಕ್ಕದಾಗಿ, ಒತ್ತೊತ್ತಾಗಿ ಕಾಣುತ್ತವೆ. ಶ್ವಾಸಕೋಶದ ಒಂದು ಏಡಿಗಂತಿಯನ್ನೂ ಸಣ್ಣಕೋಶದ್ದೆಂದು ಕರೆಯುವುದುಂಟು. ಆದರೆ ಇವೆರಡಕ್ಕೂ ನಂಟಿಲ್ಲ. ಹೆಸರನ್ನು ಕಂಡು ಮೋಸಹೋಗಬಾರದು.

ಹೊಟ್ಟೆಯ ಗಂತಿಗೂ ರಕ್ತದ ಸುಣ್ಣಕ್ಕೂ ಎತ್ತಣ ಸಂಬಂಧ? ನಮ್ಮ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಂ ಸುಣ್ಣವಿದ್ದು, ಅದರಲ್ಲಿ ನೂರಕ್ಕೆ 99 ಪಾಲು ಎಲುಬು ಹಲ್ಲುಗಳಲ್ಲಿ ಕೂಡಿಟ್ಟ ಹಣದಂತೆ ಇರುತ್ತದೆ. ರಕ್ತದಲ್ಲಿ ಚಲಾವಣೆಯಲ್ಲಿರುವುದು ಬಹಳ ಸ್ವಲ್ಪ: 100 ಮಿಲಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ. ಈ ಅಳತೆ ಸ್ವಲ್ಪ ಏರಿದರೂ ಇಳಿದರೂ ನರಗಳು, ಸ್ನಾಯುಗಳು, ಮೂತ್ರಪಿಂಡಗಳು ಹದಗೆಡುತ್ತವೆ. ಕೊರಳಲ್ಲಿ ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ಅಂಟಿಕೊಂಡಿರುವ ನಾಲ್ಕು ಚಿಕ್ಕ ಪ್ಯಾರಾಥೈರಾಯ್ಡ್ ಗ್ರಂಥಿಗಳು ಇದರ ಕಾವಲುಗಾರರು. ರಕ್ತದಲ್ಲಿ ಸುಣ್ಣ ಕಡಮೆಯಾದರೆ ಇವು ಒಂದು ಹಾರ್ಮೋನನ್ನು ಸ್ರವಿಸುತ್ತವೆ. ಅದು ಎಲುಬಿನ ಭಂಡಾರದ ಬೀಗ ತೆಗೆದು ಸುಣ್ಣವನ್ನು ಹೊರಕ್ಕೆ ಬಿಡುತ್ತದೆ.

ಕೆಲವು ಏಡಿಗಂತಿಗಳು ಈ ಹಾರ್ಮೋನಿನಂಥದೇ ವಸ್ತುವನ್ನು ತಾವೇ ತಯಾರಿಸುತ್ತಿರಬೇಕೆಂದು ಬಾಸ್ಟನ್ನಿನ ಅದೇ ಆಸ್ಪತ್ರೆಯ ಫುಲ್ಲರ್ ಆಲ್‌ಬ್ರೈಟ್ ಎಂಬ ವೈದ್ಯರು 1941ರಲ್ಲಿಯೇ ಊಹಿಸಿದ್ದರು. ಆ ವಸ್ತು ಕೈಗೆ ಸಿಕ್ಕಿದ್ದು 1987ರಲ್ಲಿ. ಅದು ಪ್ಯಾರಾಥೈರಾಯ್ಡ್ ಹಾರ್ಮೋನೇ ಅಲ್ಲ. ಅದನ್ನು ಹೋಲುವ ಬೇರೊಂದು ಪ್ರೋಟೀನು, ಬೀಗಕ್ಕೆ ಹೊಂದುವ ಕಳ್ಳ ಕೀಲಿಕೈ. ನಮ್ಮ ಈ ಅಂಡಾಶಯದ ಗಂತಿಗಳಲ್ಲಿ ಕೆಲವು ಈ ಪ್ರೋಟೀನನ್ನು ತಯಾರಿಸುತ್ತವೆಂದು ತೋರಿಸಲಾಗಿದೆ. ಎಲ್ಲದರಲ್ಲಿಯೂ ಅದು ಸಿಕ್ಕಿಲ್ಲ. ಅದು ಹೇಗೂ ಇರಲಿ, ಭಂಡಾರ ಸೂರೆಯಾಗಿ ಸುಣ್ಣವು ರಕ್ತಕ್ಕೆ ನುಗ್ಗಿದಾಗ, ನೀರನ್ನು ಹಿಡಿದಿಡುವ ಮೂತ್ರಪಿಂಡಗಳ ಶಕ್ತಿ ಕುಂದುತ್ತದೆ. ಬಾಯಾರಿಕೆಗೂ ಪದೇಪದೇ ಮೂತ್ರವಾಗುವುದಕ್ಕೂ ಅದೇ ಕಾರಣ. ಕರುಳಿನ ಸ್ನಾಯುಗಳು ಜಡವಾಗಿ ಮಲಬದ್ಧತೆಯುಂಟಾಗುತ್ತದೆ. ಗಂತಿಯನ್ನು ತೆಗೆದುಹಾಕಿದೊಡನೆ ಸುಣ್ಣ ತಾನಾಗಿಯೇ ಇಳಿಯುತ್ತದೆ. ಮುಂದೆ ಎಂದಾದರೂ ಅದು ಮತ್ತೆ ಏರಿತೆಂದರೆ ಗಂತಿಯು ಮರುಕಳಿಸಿರಬಹುದೆಂಬುದಕ್ಕೆ ಅದೇ ಮೊದಲ ಸೂಚನೆ.

ಇಷ್ಟೆಲ್ಲ ತಿಳಿದರೂ ಮೊದಲಿನ ಪ್ರಶ್ನೆ ಹಾಗೆಯೇ ಉಳಿಯಿತು. ಎಳೆಯ ದೇಹದಲ್ಲಿ ಇಂಥ ಉಗ್ರ ರೋಗಕ್ಕೆ ಮೂಲವೇನು? ಇದರ ಉತ್ತರಕ್ಕಾಗಿ ನಾವು ಆಸ್ಪತ್ರೆಯನ್ನು ಬಿಟ್ಟು ಸ್ವಲ್ಪ ಹೊತ್ತು ಯೀಸ್ಟ್ ಬೆಳೆಸುವ ಪ್ರಯೋಗಶಾಲೆಗೆ ಹೋಗಬೇಕು.

ಯೀಸ್ಟ್ ಒಂದೇ ಕೋಶದ ಜೀವಿ. ಸಕ್ಕರೆ ಅದರ ಆಹಾರ. ನಾವು ಬಳಸುವ ಕಬ್ಬಿನ ಸಕ್ಕರೆಯನ್ನು ಅದು ಹಾಗೆಯೇ ಉಪಯೋಗಿಸಲಾರದು. ಇನ್‌ವರ್ಟೇಸ್ ಎಂಬ ಕಿಣ್ವವನ್ನು ತಯಾರಿಸಿ ಸಕ್ಕರೆಯನ್ನು ಒಡೆದುಕೊಳ್ಳಬೇಕು. 1984ರಲ್ಲಿ ಲೆನೋರ್ ನೈಗೆಬಾರ್ನ್ ಮತ್ತು ಮೇರಿಯನ್ ಕಾರ್ಲ್‌ಸನ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು, ಸಕ್ಕರೆಯಿದ್ದೂ ಹಸಿವಿನಿಂದ ಸೊರಗುತ್ತಿದ್ದ ಕೆಲವು ಯೀಸ್ಟ್ ತಳಿಗಳನ್ನು ವಿವರಿಸಿದರು. ಸೋಜಿಗವೆಂದರೆ ಇವುಗಳಲ್ಲಿ ಇನ್‌ವರ್ಟೇಸ್ ಕಿಣ್ವದ ಜೀನು, ಎಂದರೆ ಆ ಕಿಣ್ವವನ್ನು ತಯಾರಿಸುವ ಕ್ರಮವನ್ನು ಹೇಳುವ ಆನುವಂಶಿಕ ಬರಹ, ನೆಟ್ಟಗಿತ್ತು. ಬರಹವಿದ್ದೂ ಅದನ್ನು ಓದುವುದು ಆ ಕೋಶಗಳಿಗೆ ಸಾಧ್ಯವಾಗುತ್ತಿರಲಿಲ್ಲ. ಓದಿಗೆ ಅಡ್ಡಿಯಾದ ಬೇರೆ ಜೀನುಗಳ ದೋಷವನ್ನು ಅವರು ಗುರುತಿಸಿ, ‘ಸಕ್ಕರೆ ಹುದುಗಿಸದ’ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಅವನ್ನು ಎಸ್.ಎನ್.ಎಫ್. ಜೀನುಗಳೆಂದು ಕರೆದರು. ಅದೇ ವರ್ಷ ಐರಾ ಹರ್ಸ್ಕೊವಿಟ್ಸ್ ಅವರ ಪ್ರಯೋಗಶಾಲೆಯಲ್ಲಿ, ಯೀಸ್ಟು ತನ್ನ ಲಿಂಗವನ್ನು ಬದಲಾಯಿಸಿಕೊಳ್ಳಲು ಬೇಕಾದ ಜೀನುಗಳನ್ನು ಹುಡುಕುತ್ತಿದ್ದವರು ತಾವು ಕಂಡವಕ್ಕೆ ಎಸ್.ಡಬ್ಲ್ಯು.ಐ. ಎಂದು ಹೆಸರಿಟ್ಟಿದ್ದರು. ಕೆಲವು ವರ್ಷಗಳ ಮೇಲೆ ನೋಡಿದರೆ ಎರಡು ಪಟ್ಟಿಗಳಲ್ಲಿಯೂ ಒಂದೇ ಜೀನು ಎರಡು ಹೆಸರಿನಲ್ಲಿ ಕುಳಿತಿತ್ತು! ಎರಡು ದಾರಿಗಳಲ್ಲಿ ಹೊರಟವರು ಒಂದೇ ಮನೆಯ ಬಾಗಿಲು ತಟ್ಟಿದ್ದರು.

ಆ ಮನೆಯ ಕೆಲಸವೇನೆಂಬುದನ್ನು ತಿಳಿಯಲು ಆನುವಂಶಿಕ ಬರಹವನ್ನು ಕೋಶವು ಹೇಗೆ ಜೋಡಿಸಿಡುತ್ತದೆಂಬುದನ್ನು ನೋಡಬೇಕು. ಮನುಷ್ಯನ ಒಂದೊಂದು ಕೋಶದಲ್ಲಿಯೂ ಇರುವ ಡಿ.ಎನ್.ಎ. ಎಳೆಗಳನ್ನು ತುದಿಗೆ ತುದಿ ಸೇರಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅದನ್ನು ಅಡಗಿಸಬೇಕಾದ ಕೋಶಕೇಂದ್ರದ ಅಡ್ಡಳತೆಯೋ ಮಿಲಿಮೀಟರಿನ ನೂರನೆಯ ಒಂದು ಭಾಗವೂ ಇಲ್ಲ. ನೇಕಾರನು ಕಂಡಿಕೆಗೆ ನೂಲು ಸುತ್ತುವಂತೆ, ಕೋಶವು ಈ ಎಳೆಯನ್ನು ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳ ಸುತ್ತ ಸುತ್ತಿಡುತ್ತದೆ. ಒಂದೊಂದು ಕಂಡಿಕೆಗೂ ಎರಡು ಸುತ್ತಿಗಿಂತ ಕೊಂಚ ಕಡಮೆ. ಇಂಥ ಕಂಡಿಕೆಗಳು ಒಂದು ಕೋಶದಲ್ಲಿ ಸುಮಾರು ಮೂರು ಕೋಟಿ. ಡಿ.ಎನ್.ಎ.ಯ ಈ ವ್ಯವಸ್ಥೆಯನ್ನು ರೋಜರ್ ಕಾರ್ನ್‌ಬರ್ಗ್ 1974ರಲ್ಲಿ ಸೂಚಿಸಿದರು. ಸ್ಥಳ ಉಳಿಯಿತೇನೋ ಸರಿ. ಆದರೆ ಬಿಗಿಯಾಗಿ ಸುತ್ತಿದ ನೂಲಿನ ಮೇಲೆ ಬರೆದದ್ದನ್ನು ಓದುವುದು ಹೇಗೆ? ಬೇಕಾದ ಕಡೆ ಸುತ್ತನ್ನು ಸಡಿಲಿಸಿ, ಕಂಡಿಕೆಯನ್ನು ಆಚೀಚೆ ಸರಿಸಿ, ಓದುವವರಿಗೆ ದಾರಿ ಮಾಡಿಕೊಡುವ ಯಂತ್ರವೊಂದು ಬೇಕು. ಯೀಸ್ಟಿನ ಆ ಜೀನುಗಳು ತಯಾರಿಸುತ್ತಿದ್ದುದು ಇದೇ ಯಂತ್ರದ ಬಿಡಿಭಾಗಗಳನ್ನು. ಹತ್ತಾರು ಪ್ರೋಟೀನುಗಳು ಕೂಡಿ ಆದ ಈ ಯಂತ್ರವನ್ನು ವಿಜ್ಞಾನಿಗಳು ಎರಡು ಹೆಸರುಗಳನ್ನೂ ಬೆಸೆದು ‘ಸ್ವಿಚ್-ಸ್ನಿಫ್’ ಎನ್ನುತ್ತಾರೆ. ಎರಡು ಪಟ್ಟಿಗಳಲ್ಲಿಯೂ ಸಿಕ್ಕಿದ್ದ ಜೀನು ಕೊಡುವುದು ಈ ಯಂತ್ರದ ಎಂಜಿನ್ನನ್ನು.

ಇತ್ತ ಹಣ್ಣಿನ ನೊಣವನ್ನು ಅಭ್ಯಾಸ ಮಾಡುತ್ತಿದ್ದ ಜೇಮ್ಸ್ ಕೆನಿಸನ್ ಮತ್ತು ಜಾನ್ ಟ್ಯಾಮ್‌ಕನ್ 1988ರಲ್ಲಿ ಒಂದು ಜೀನನ್ನು ಹೊರತೆಗೆದಿದ್ದರು. ನೊಣದ ಭ್ರೂಣದಲ್ಲಿ ಯಾವ ಭಾಗ ಎದೆಯಾಗಬೇಕು, ಯಾವುದು ಹೊಟ್ಟೆಯಾಗಬೇಕು ಎಂಬುದನ್ನು ನಿಶ್ಚಯಿಸುವುದರಲ್ಲಿ ಅದರ ಪಾಲು ದೊಡ್ಡದು. ಅವರು ಅದಕ್ಕೆ ಇಟ್ಟ ಹೆಸರು ‘ಬ್ರಹ್ಮ’! 1992ರಲ್ಲಿ ಈ ಬ್ರಹ್ಮನ ಬರಹವನ್ನು ಓದಿದಾಗ ಅದು ಯೀಸ್ಟಿನ ಆ ಎಂಜಿನ್ನಿನ ಒಡಹುಟ್ಟೆಂದು ತಿಳಿಯಿತು. ಮರುವರ್ಷ ಮನುಷ್ಯನಲ್ಲಿಯೂ ಅದರ ಎರಡು ರೂಪಗಳು ಸಿಕ್ಕಿದವು. ಒಂದು ಬ್ರಹ್ಮನೇ, ಇನ್ನೊಂದಕ್ಕೆ ‘ಬ್ರಹ್ಮನ ಸಂಬಂಧದ ಜೀನು 1’ ಎಂಬ ಅರ್ಥದಲ್ಲಿ ಬಿ.ಆರ್.ಜಿ.1 ಎಂದು ಹೆಸರಾಯಿತು. ಹತ್ತೊಂಬತ್ತನೆಯ ವರ್ಣತಂತುವಿನಲ್ಲಿರುವ ಇದರ ಜೀನನ್ನು ಈಗ ಸ್ಮಾರ್ಕಾ-4 ಎನ್ನುವುದು ವಾಡಿಕೆ. ಬ್ರಹ್ಮನು ಹಣೆಯಲ್ಲಿ ಬರೆಯುತ್ತಾನೆಂದು ನಮ್ಮ ಹಿರಿಯರು ಹೇಳುತ್ತಿದ್ದರಷ್ಟೆ. ಈ ಬ್ರಹ್ಮನಿಗೆ ಬರೆಯುವ ಅಧಿಕಾರವಿಲ್ಲ; ಆಗಲೇ ಬರೆದಿಟ್ಟುದನ್ನು ಬಿಚ್ಚಿ ತೋರಿಸುವುದಷ್ಟೇ ಅವನ ಕೆಲಸ.

ಇನ್ನು ಆಸ್ಪತ್ರೆಗೆ ಹಿಂದಿರುಗೋಣ. 2014ರ ಮಾರ್ಚಿಯಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಮೂರು ಲೇಖನಗಳು ಒಟ್ಟಿಗೆ ಬೆಳಕು ಕಂಡವು. ನ್ಯೂಯಾರ್ಕ್, ಅರಿಜೋನಾ ಮತ್ತು ಕೆನಡದ ಮಾಂಟ್ರಿಯಲ್ಲಿನ ಮೂರು ತಂಡಗಳು ಬೇರೆ ಬೇರೆಯಾಗಿ ಈ ಅಂಡಾಶಯದ ಗಂತಿಯ ಆನುವಂಶಿಕ ಬರಹವನ್ನು ಓದಿದ್ದವು. ಮೂರು ತಂಡಗಳ ಉತ್ತರವೂ ಒಂದೇ: ಕೆಟ್ಟಿರುವುದು ಸ್ಮಾರ್ಕಾ-4. ಈ ಗಂತಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚಿನವುಗಳಲ್ಲಿ ಬಿ.ಆರ್.ಜಿ.1 ಪ್ರೋಟೀನೇ ಇಲ್ಲವೆಂದು ಮುಂದೆ ಸ್ಥಿರಪಟ್ಟಿತು.

ಇದಕ್ಕಿಂತಲೂ ಗಮನಾರ್ಹವಾದುದು ಆ ಬರಹದಲ್ಲಿ ಕಾಣದೆ ಹೋದ ಸಂಗತಿ. ವಯಸ್ಸಾದ ಹೆಂಗಸರಲ್ಲಿ ಬರುವ ಅಂಡಾಶಯದ ಏಡಿಗಂತಿಯಲ್ಲಿ ವರ್ಣತಂತುಗಳು ಮುರಿದು, ಅಡ್ಡಾದಿಡ್ಡಿ ಬೆಸೆದು, ಭೂಕಂಪವಾದ ಊರಿನಂತೆ ಇರುತ್ತವೆ. ಈ ಎಳೆಯರ ಗಂತಿಯಲ್ಲಾದರೋ ವರ್ಣತಂತುಗಳು ಹೆಚ್ಚುಕಡಿಮೆ ಯಥಾಸ್ಥಿತಿಯಲ್ಲಿವೆ. ಸ್ಮಾರ್ಕಾ-4ರ ಹೊರತು ಮುಖ್ಯವಾದ ತಪ್ಪುಗಳು ಇಲ್ಲವೆಂದೇ ಹೇಳಬಹುದು. ಊರಿಗೆ ಊರೇ ನೆಟ್ಟಗಿದೆ, ಒಂದೇ ಒಂದು ಮನೆ ಮಾತ್ರ ಬಿದ್ದಿದೆ. ಅನೇಕ ತಪ್ಪುಗಳು ಕೂಡಿ ಮಾಡುವ ಕೆಲಸವನ್ನು ಇಲ್ಲಿ ಒಂದೇ ತಪ್ಪು ಮಾಡಿದೆಯೆಂದಾಯಿತು. ತಪ್ಪುಗಳು ಕೂಡುವ ತನಕ ಕಾಯುವ ಅಗತ್ಯ ಈ ಗಂತಿಗೆ ಇಲ್ಲ. ಆದ್ದರಿಂದ ಅದು ಇಪ್ಪತ್ತರಲ್ಲಿಯೇ ಬರಬಲ್ಲುದು.

ಓದಲು ನೆರವಾಗುವ ಯಂತ್ರ ಕೆಟ್ಟರೆ ಕೋಶವು ಸೊರಗಬೇಕಲ್ಲವೆ, ಯೀಸ್ಟು ಸೊರಗಿದಂತೆ? ಅದು ಕೊಬ್ಬಿ ಬೆಳೆಯುವುದೇಕೆ? ಈ ಸಂದೇಹ ನ್ಯಾಯವಾದದ್ದೇ. ಯೀಸ್ಟು ಒಂಟಿ ಜೀವಿ. ತಿನ್ನುವುದು, ಬೆಳೆಯುವುದು, ಒಡೆಯುವುದು, ಇಷ್ಟೇ ಅದರ ಸಂಸಾರ. ಮನುಷ್ಯನ ಕೋಶವಾದರೋ ಎಳೆಯದಾಗಿದ್ದಾಗ ಒಡೆದು ಹೆಚ್ಚುತ್ತ ಹೋಗಿ, ಒಂದು ಹಂತದಲ್ಲಿ ಆ ಕೆಲಸವನ್ನು ಬಿಟ್ಟು, ಬಲಿತು, ತನಗೆ ಗೊತ್ತುಪಡಿಸಿದ ಉದ್ಯೋಗಕ್ಕೆ ನಿಲ್ಲಬೇಕು. ಬಲಿಯುವ ಹೊತ್ತಿಗೆ ತೆರೆಯಬೇಕಾದ ಪುಟಗಳು ತೆರೆಯದೆ ಹೋದರೆ ಅದು ಎಳೆತನದಲ್ಲಿಯೇ ಸಿಕ್ಕಿಕೊಂಡು ಒಡೆಯುತ್ತಲೇ ಇರುತ್ತದೆ. ಮನುಷ್ಯನಲ್ಲಿ ಬಿ.ಆರ್.ಜಿ.1 ಇಲ್ಲದಿದ್ದರೆ ಬ್ರಹ್ಮನಾದರೂ ಆ ಕೆಲಸವನ್ನು ಒಂದು ಮಟ್ಟಿಗೆ ನಡೆಸಬಹುದಾಗಿತ್ತು. ಆದರೆ ಈ ಗಂತಿಗಳಲ್ಲಿ ಬ್ರಹ್ಮನೂ ಮೌನ. ಅದರ ಜೀನು ಕೆಟ್ಟಿಲ್ಲ. ಯಾರೋ ಬಾಯಿಗೆ ಬಟ್ಟೆ ತುರುಕಿದಂತೆ ಸುಮ್ಮನಾಗಿದೆ. ಎರಡು ಎಂಜಿನ್ನುಗಳೂ ನಿಂತುಹೋದ ಕೋಶ ಇದು. ಎಂಥ ಕೋಶದಿಂದ ಗಂತಿ ಹೊರಡುತ್ತದೆ ಎಂಬ ವಿಷಯದಲ್ಲಿ ಮಾತ್ರ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ.

ಇದಕ್ಕೆ ಹೋಲಿಕೆ ಇಲ್ಲದಿಲ್ಲ. ಹಸುಳೆಗಳ ಮೂತ್ರಪಿಂಡದಲ್ಲಿಯೂ ಮಿದುಳಿನಲ್ಲಿಯೂ ಹುಟ್ಟುವ ರಾಬ್ಡಾಯ್ಡ್ ಎಂಬ ಭೀಕರ ಗಂತಿಯೊಂದಿದೆ. ಅದರಲ್ಲಿ ಇದೇ ಸ್ವಿಚ್-ಸ್ನಿಫ್ ಯಂತ್ರದ ಇನ್ನೊಂದು ಭಾಗ ಕಳೆದುಹೋಗಿರುತ್ತದೆಂದು ಪ್ಯಾರಿಸಿನ ವಿಜ್ಞಾನಿಗಳು 1998ರಲ್ಲಿಯೇ ತೋರಿಸಿದ್ದರು. ಅಲ್ಲಿಯೂ ಉಳಿದ ಬರಹವೆಲ್ಲ ನೆಟ್ಟಗೆ. ಈ ಸಾಮ್ಯವನ್ನು ಕಂಡು, ನಮ್ಮ ಅಂಡಾಶಯದ ಗಂತಿಯನ್ನೂ ರಾಬ್ಡಾಯ್ಡ್ ಎಂದೇ ಕರೆಯಬೇಕೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಈ ವಾದ ಸರಿಯೆಂದೇ ತೋರುತ್ತದೆ. ಆದರೆ ರೂಢಿಗೆ ಬಂದ ಹೆಸರನ್ನು ಕಿತ್ತುಹಾಕುವುದು ಗಂತಿಯನ್ನು ಕೀಳುವುದಕ್ಕಿಂತ ಕಷ್ಟ.

ಈ ಶೋಧದ ಮೊದಲ ಫಲ ದೊರೆತದ್ದು ರೋಗವನ್ನು ಗುರುತಿಸುವ ಕೆಲಸದಲ್ಲಿ. ಈ ಗಂತಿಯನ್ನು ಬರಿಯ ರೂಪದಿಂದ ಗುರುತಿಸುವುದು ಪಳಗಿದ ಕಣ್ಣಿಗೂ ಕಠಿಣ. ಎಳೆಯರಲ್ಲಿ ಬರುವ ಸೌಮ್ಯವಾದ ಬೇರೆ ಗಂತಿಗಳಂತೆಯೂ ಅದು ಕಾಣಬಹುದು. ಹಾಗೆ ತಪ್ಪು ತಿಳಿದರೆ ರೋಗಿಗೆ ಸಿಕ್ಕುವ ಔಷಧವೂ ತಪ್ಪಾಗುತ್ತದೆ. ಈಗ ಗಂತಿಯ ತೆಳುವಾದ ಸೀಳಿಗೆ, ಬಿ.ಆರ್.ಜಿ.1 ಪ್ರೋಟೀನನ್ನು ಮಾತ್ರ ಹುಡುಕಿ ಹಿಡಿಯುವ ಕಂದುಬಣ್ಣವನ್ನು ಹಾಕುತ್ತಾರೆ. ರಕ್ತನಾಳಗಳ ಗೋಡೆಯ ಆರೋಗ್ಯವಂತ ಕೋಶಗಳ ಕೇಂದ್ರಗಳು ಕಂದಾಗಿ ನಿಲ್ಲುತ್ತವೆ. ಅವುಗಳ ಸುತ್ತ ಗಂತಿಯ ಸಾವಿರಾರು ಕೋಶಗಳು ಬಣ್ಣ ಹಿಡಿಯದೆ ಬಿಳಿಚಿಕೊಂಡಿರುತ್ತವೆ.

ಚಿಕಿತ್ಸೆ ಮೊದಲಿಗೆ ಶಸ್ತ್ರಕ್ರಿಯೆ, ಅನಂತರ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ತೀವ್ರ ಕ್ರಮ. ಈ ಔಷಧಗಳಲ್ಲಿ ಮುಖ್ಯವಾದದ್ದು ಪ್ಲಾಟಿನಂ ಲೋಹದ ಸಂಯುಕ್ತವಾದ ಸಿಸ್‌ಪ್ಲಾಟಿನ್. ಬಾರ್ನೆಟ್ ರೋಸೆನ್‌ಬರ್ಗ್ ಎಂಬವರು ಬ್ಯಾಕ್ಟೀರಿಯಗಳ ಮೇಲೆ ವಿದ್ಯುತ್ತಿನ ಪರಿಣಾಮವನ್ನು ನೋಡುತ್ತಿದ್ದಾಗ, ಪ್ಲಾಟಿನಂ ಕಡ್ಡಿಗಳಿಂದ ಕರಗಿ ಬಂದ ವಸ್ತುವೊಂದು ಅವು ಒಡೆಯದಂತೆ ತಡೆದುದು ಅಕಸ್ಮಾತ್ತಾಗಿ ಕಂಡುಬಂದು 1965ರಲ್ಲಿ ಪ್ರಕಟವಾಯಿತು. ಸಿಸ್‌ಪ್ಲಾಟಿನ್ ಹುಟ್ಟಿದ್ದು ಅದರಿಂದ. ಕೆಲವರಿಗೆ ಇನ್ನೂ ಪ್ರಬಲವಾದ ಪ್ರಮಾಣದಲ್ಲಿ ಔಷಧ ಕೊಟ್ಟು, ಅದರಿಂದ ಬರಿದಾಗುವ ಅಸ್ಥಿಮಜ್ಜೆಯನ್ನು ಮುಂಚೆಯೇ ತೆಗೆದಿಟ್ಟ ಅವರದೇ ಮೂಲಕೋಶಗಳಿಂದ ಮತ್ತೆ ತುಂಬುತ್ತಾರೆ. ಇಂಥ ತೀವ್ರ ಚಿಕಿತ್ಸೆಯನ್ನು ಕುರಿತು ಫ್ರಾನ್ಸಿನ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ವರ್ಷಗಳ ಬಳಿಕ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳು ಬದುಕಿದ್ದರು. ಹಿಂದಿನ ಲೆಕ್ಕದೊಡನೆ ಹೋಲಿಸಿದರೆ ಇದು ದೊಡ್ಡ ಮಾತು.

ಸ್ಮಾರ್ಕಾ-4ರ ಶೋಧ ಹೊಸ ಉಪಾಯಗಳನ್ನೂ ಸೂಚಿಸಿದೆ. ನೊಣದಲ್ಲಿ ಬ್ರಹ್ಮನು ಸಿಕ್ಕಿದ್ದು ಪಾಲಿಕೋಂಬ್ ಎಂಬ ಇನ್ನೊಂದು ಜೀನಿನ ಎದುರಾಳಿಯಾಗಿ. ಪಾಲಿಕೋಂಬ್ ಗುಂಪಿನ ಕೆಲಸ ಪುಟಗಳನ್ನು ಮುಚ್ಚುವುದು, ಬ್ರಹ್ಮನದು ತೆರೆಯುವುದು. ತೆರೆಯುವವನು ಸತ್ತರೆ ಮುಚ್ಚುವವನ ಕೈ ಮೇಲಾಗುತ್ತದೆ. ಹಾಗಾದರೆ ಮುಚ್ಚುವವನ ಕೈ ಕಟ್ಟಿದರೆ? ಈ ಗುಂಪಿನ ಇ.ಜೆಡ್.ಎಚ್.2 ಎಂಬ ಕಿಣ್ವವನ್ನು ತಡೆಯುವ ಔಷಧಗಳನ್ನು ಪ್ರಯೋಗಶಾಲೆಯಲ್ಲಿ ಈ ಗಂತಿಯ ಕೋಶಗಳ ಮೇಲೂ ಇಲಿಗಳ ಮೇಲೂ ಪ್ರಯೋಗಿಸಿದಾಗ ಗಂತಿಯ ಬೆಳವಣಿಗೆ ಕುಂಠಿತವಾಯಿತು. ರೋಗಿಗಳ ಮಟ್ಟಿಗೆ ಇದು ಇನ್ನೂ ಸಾಧಿತವಾದ ಚಿಕಿತ್ಸೆಯಲ್ಲ. ಇದಲ್ಲದೆ, ದೇಹದ ರಕ್ಷಣಾ ಕೋಶಗಳಿಗೆ ಹಾಕಿದ ಕಡಿವಾಣವನ್ನು ಸಡಿಲಿಸುವ ಔಷಧಗಳಿಂದ ನಾಲ್ವರು ರೋಗಿಗಳಲ್ಲಿ ಒಳ್ಳೆಯ ಫಲ ದೊರೆತದ್ದು 2018ರಲ್ಲಿ ವರದಿಯಾಯಿತು. ತಪ್ಪುಗಳು ಹೆಚ್ಚಾಗಿರುವ ಗಂತಿಗಳನ್ನೇ ರಕ್ಷಣಾ ಕೋಶಗಳು ಪರಕೀಯವೆಂದು ಗುರುತಿಸುತ್ತವೆ ಎಂಬುದು ಸಾಮಾನ್ಯವಾದ ತಿಳಿವಳಿಕೆ. ಒಂದೇ ತಪ್ಪಿರುವ ಗಂತಿಯನ್ನು ಅವು ಹೇಗೆ ಗುರುತಿಸಿದವೆಂಬುದು ಕುತೂಹಲದ ವಿಷಯವಾಗಿದೆ.

ರೋಗಿಯ ಮನೆಯವರಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಹೇಳಬೇಕಾಗಿದೆ. ನಮ್ಮ ಪ್ರತಿಯೊಂದು ಕೋಶದಲ್ಲಿಯೂ ಸ್ಮಾರ್ಕಾ-4ರ ಎರಡು ಪ್ರತಿಗಳಿವೆ: ತಂದೆಯದೊಂದು, ತಾಯಿಯದೊಂದು. ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸುತ್ತದೆ. ಎರಡೂ ಕೆಟ್ಟಾಗಲೇ ಅಪಾಯ. ಮಕ್ಕಳ ಕಣ್ಣಿನ ಏಡಿಗಂತಿಯನ್ನು ಅಭ್ಯಾಸ ಮಾಡಿ ಆಲ್‌ಫ್ರೆಡ್ ನಡ್‌ಸನ್ 1971ರಲ್ಲಿ ಮುಂದಿಟ್ಟ ‘ಎರಡು ಪೆಟ್ಟುಗಳ’ ವಾದ ಇದೇ. ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟಿರುವವರಲ್ಲಿ ಮೊದಲ ಪೆಟ್ಟು ದೇಹದ ಎಲ್ಲ ಕೋಶಗಳಿಗೂ ಬಿದ್ದಾಗಿದೆ; ಎಲ್ಲಿಯಾದರೂ ಒಂದು ಕೋಶಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ಸಾಕು. ಈ ಗಂತಿಯ ರೋಗಿಗಳನ್ನು ಪರೀಕ್ಷಿಸಿದಾಗ ಮೂವರಲ್ಲಿ ಒಬ್ಬರಿಗಿಂತಲೂ ಹೆಚ್ಚು ಮಂದಿ ಇಂಥ ಹುಟ್ಟುದೋಷವುಳ್ಳವರೆಂದು ತಿಳಿಯಿತು. ಅಕ್ಕತಂಗಿಯರಲ್ಲಿ, ತಾಯಿ ಮಗಳಲ್ಲಿ ಈ ರೋಗ ಕಂಡ ವಿರಳ ವರದಿಗಳಿಗೆ ಅರ್ಥ ಹೊಳೆದದ್ದು ಆಗ. ಎಷ್ಟೋ ಸಲ ದೋಷ ತಂದೆಯಿಂದ ಬಂದಿರುತ್ತದೆ. ಅವನಿಗೆ ಅಂಡಾಶಯವಿಲ್ಲ, ಆರೋಗ್ಯವಾಗಿದ್ದುಕೊಂಡೇ ಅವನು ಅದನ್ನು ಮಗಳಿಗೆ ಒಪ್ಪಿಸಿರುತ್ತಾನೆ. ದೋಷವುಳ್ಳ ತಂದೆಯಾಗಲಿ ತಾಯಿಯಾಗಲಿ ಅದನ್ನು ಪ್ರತಿಯೊಂದು ಮಗುವಿಗೆ ದಾಟಿಸುವ ಸಂಭವ ಎರಡರಲ್ಲಿ ಒಂದು.

ಆದಕಾರಣ ಒಬ್ಬಳಲ್ಲಿ ಈ ರೋಗ ನಿಶ್ಚಯವಾದೊಡನೆ ಅವಳ ರಕ್ತದ ಆನುವಂಶಿಕ ಪರೀಕ್ಷೆಯನ್ನೂ, ದೋಷ ಕಂಡುಬಂದರೆ ಅವಳ ಒಡಹುಟ್ಟಿದವರ ಪರೀಕ್ಷೆಯನ್ನೂ ಮಾಡಿಸುವಂತೆ ವೈದ್ಯರು ಸಲಹೆ ಕೊಡುತ್ತಾರೆ. ದೋಷವಿಲ್ಲವೆಂದು ತಿಳಿದ ತಂಗಿ ನೆಮ್ಮದಿಯಿಂದ ಮನೆಗೆ ಹೋಗುತ್ತಾಳೆ. ಉಂಟೆಂದು ತಿಳಿದ ತಂಗಿಯ ಪಾಡು ಬೇರೆ. ದೋಷವಿದ್ದವರಿಗೆಲ್ಲ ರೋಗ ಬಂದೇ ತೀರುವುದಿಲ್ಲ. ಆಗಿಂದಾಗ್ಗೆ ಅಲ್ಟ್ರಾಸೌಂಡ್ ಮಾಡಿಸುತ್ತಿರೋಣವೆಂದರೆ, ಈ ಗಂತಿಯ ಓಟ ಎಷ್ಟು ಬಿರುಸೆಂದರೆ ಎರಡು ಪರೀಕ್ಷೆಗಳ ನಡುವೆಯೇ ಅದು ಹುಟ್ಟಿ ಹರಡಿರಬಹುದು. ಆರೋಗ್ಯವಾಗಿರುವ ಎರಡು ಅಂಡಾಶಯಗಳನ್ನೂ ಮುಂಚಿತವಾಗಿ ತೆಗೆಸಿದರೆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಅದರೊಡನೆ ಸಹಜವಾಗಿ ಗರ್ಭ ಧರಿಸುವ ಶಕ್ತಿ ಹೋಗುತ್ತದೆ, ಮುಟ್ಟು ನಿಂತು ಎಲುಬುಗಳು ಅಕಾಲದಲ್ಲಿ ಸವೆಯತೊಡಗುತ್ತವೆ, ಅನೇಕ ವರ್ಷಗಳು ಹಾರ್ಮೋನನ್ನು ಹೊರಗಿನಿಂದ ಪಡೆಯಬೇಕಾಗುತ್ತದೆ. ಅಂಡಗಳನ್ನು ಮೊದಲೇ ತೆಗೆದು ಶೀತಲದಲ್ಲಿ ಕಾದಿಡುವ ಮಾರ್ಗವೊಂದಿದೆ. ಈ ಆಯ್ಕೆಯನ್ನು ಅವಳು ಮಾಡಬೇಕಾಗಿರುವುದು ಕಾಲೇಜಿನಲ್ಲಿ ಓದುತ್ತಿರುವ ವಯಸ್ಸಿನಲ್ಲಿ, ಕೆಲವೊಮ್ಮೆ ಅದಕ್ಕೂ ಮೊದಲು. ಅವಳ ಜೊತೆಗೆ ಕುಳಿತು, ಒಂದೊಂದು ದಾರಿಯ ಲಾಭನಷ್ಟಗಳನ್ನೂ ವಿವರಿಸಿ, ಅವಳ ಪ್ರಶ್ನೆಗಳಿಗೆ ಉತ್ತರ ಕೊಡುವುದಕ್ಕಾಗಿಯೇ ಶಿಕ್ಷಣ ಪಡೆದ ಆನುವಂಶಿಕ ಸಲಹೆಗಾರರು ಈಗ ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತಾರೆ.